ಬೈಸಿಕಲ್ಲಿಗೂ ಬೇಕು ಕನ್ನಡಿ, ಸೂಚಕ ದೀಪ

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಸಾಗುವ ರಸ್ತೆಯಲ್ಲಿ ಭತ್ತ, ಮೆಕ್ಕೆಜೋಳ ಹೊತ್ತ ಟ್ರ್ಯಾಕ್ಟರು, ಲಾರಿಗಳ ಮಗ್ಗುಲಲ್ಲೇ ಶಾಲಾ ಮಕ್ಕಳ ಬೈಸಿಕಲ್ಲುಗಳೂ ಚಲಿಸುತ್ತವೆ. ಬಲಕ್ಕೆ ಹೊರಳಬೇಕಾದ ಸವಾರನು ಹಿಂದಿರುಗಿ ನೋಡಿದರೆ ಬೈಸಿಕಲ್ಲು ವಾಲುತ್ತದೆ. ಕೈ ಚಾಚಿದರೆ ಹಿಡಿತ ಸಡಿಲಗೊಳ್ಳುತ್ತದೆ. ಮುಸ್ಸಂಜೆಯಲ್ಲಿ ಆ ಕೈ ಕಾಣುವುದೂ ಕಷ್ಟ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕನ್ನಡಿ ಹಾಗೂ ಸೂಚಕ ದೀಪಗಳನ್ನು ವಿಧಿಸಿರುವುದು ಮೋಟಾರು ವಾಹನಗಳಿಗೆ ಮಾತ್ರ. 2020ರಲ್ಲಿ ಕೇಂದ್ರ ಸರ್ಕಾರವು ಬೈಸಿಕಲ್ ಪ್ರತಿಫಲಕಗಳ ಬಗ್ಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. ಆದರೆ ಪ್ರತಿಫಲಕವು ಸವಾರನ ಇರವನ್ನು ತಿಳಿಸೀತೇ ಹೊರತು ಅವನು ಯಾವ ಕಡೆ ತಿರುಗುವನೆಂಬುದನ್ನಲ್ಲ.

ಈ ಕೊರತೆಯನ್ನು ವರ್ತಕರೇ ತುಂಬಬಹುದು. 2025ರ ಸೆಪ್ಟೆಂಬರ್ 22ರಿಂದ ಬೈಸಿಕಲ್ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ. 5,000 ರೂ. ಮೂಲಬೆಲೆಗೆ ಉಳಿತಾಯ 350 ರೂ. ಈ ಮೊತ್ತದಲ್ಲಿ ಒಂದಂಶವನ್ನು ಕನ್ನಡಿಗೆ ವಿನಿಯೋಗಿಸುವಂತೆ ಗ್ರಾಹಕರ ಮನವೊಲಿಸುವುದು ಕಠಿಣವಲ್ಲ. ಎಡಬದಿಯ ಸಂಚಾರವಿರುವ ನಮ್ಮಲ್ಲಿ ಹಿಂದಿನ ವಾಹನಗಳು ಬಲಗಡೆಯಿಂದಲೇ ದಾಟುವುದರಿಂದ ಮೊದಲು ಬಲಗೈ ಹಿಡಿಕೆಗೆ ಕನ್ನಡಿ ಅಳವಡಿಸಬೇಕು. ಬ್ಯಾಟರಿ ಚಾಲಿತ ಸೂಚಕ ದೀಪ ಎರಡನೆಯ ಹೆಜ್ಜೆಯಾಗಲಿ.

ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ನೀಡುವ ಯೋಜನೆಯು 2006-07ರಲ್ಲಿ ಆರಂಭವಾದಾಗ ಹಣಕಾಸು ಸಚಿವರಾಗಿದ್ದವರು ಆಗ ಶಿಕಾರಿಪುರದ ಶಾಸಕರಾಗಿದ್ದ ಬಿ.ಎಸ್. ಯಡಿಯೂರಪ್ಪನವರು. ಬೈಸಿಕಲ್ ಸುರಕ್ಷತೆಯ ಮೇಲ್ಪಂಕ್ತಿಯೂ ಅದೇ ಊರಿನ ಅಂಗಡಿಗಳಿಂದ ಮೊದಲಾಗಲಿ.