ಬಿತ್ತನೆಯ ಬೀಜದ ಒಡೆತನ ಯಾರದು?

ಕಾಸರಗೋಡು ಜಿಲ್ಲೆಯ ನೆಟ್ಟಣಿಗೆಯ ಕೃಷಿಕ ಸತ್ಯನಾರಾಯಣ ಬೆಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಗಡಿನಾಡು ಹೆಮ್ಮೆಪಟ್ಟಿತು. 650ಕ್ಕೂ ಮಿಕ್ಕಿದ ಸಾಂಪ್ರದಾಯಿಕ ಭತ್ತದ ತಳಿಗಳನ್ನು ಕಾಪಾಡಿದವರು ಅವರು. ರಾಜಕಯಮೆ ಎಂಬ ತಳಿಯನ್ನು ಕೇರಳ, ಕರ್ನಾಟಕ ಹಾಗೂ ತಮಿಳುನಾಡಿನ ರೈತರಿಗೆ ಪರಿಚಯಿಸಿದ ಹಿರಿಮೆಯೂ ಅವರದು. ಭತ್ತವನ್ನು ಕಣಜದಲ್ಲಿ ಕೂಡಿಟ್ಟ ಮಾತ್ರಕ್ಕೆ ತಳಿ ಉಳಿಯದು. ಕೆಲವು ವರ್ಷಗಳಲ್ಲಿ ಬೀಜ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಮತ್ತೆ ಮತ್ತೆ ಬಿತ್ತಬೇಕು. ಬೆಳೇರಿಯವರು ಚೀಲಗಳಲ್ಲಿ ಪೈರು ಬೆಳೆಸಿ ಈ ಕಾರ್ಯವನ್ನು ಸಾಧಿಸಿದರು.

ಇಷ್ಟೊಂದು ತಳಿಗಳು ಏತಕ್ಕೆ? ಇಂಗ್ಲೆಂಡಿನ ಹಾಪ್ ಬಳ್ಳಿಯ ಕಥೆ ಉತ್ತರ ಹೇಳುತ್ತದೆ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಈ ಬಳ್ಳಿಯ ಹೂವು. ಅದರ ಫಗಲ್ ಎಂಬ ಹಳೆಯ ತಳಿ ಕೆಂಟ್ ಪ್ರಾಂತ್ಯದಲ್ಲಿ ವ್ಯಾಪಕವಾಗಿ ಬೆಳೆಯಿತು. ಕಳೆದ ಶತಮಾನದಲ್ಲಿ ಮಣ್ಣಿನ ಶಿಲೀಂಧ್ರದಿಂದ ಸೊರಗು ರೋಗ ಹರಡಿದಾಗ ಫಗಲ್ ತೋಟಗಳು ಕ್ಷೀಣಿಸಿದವು. ರೋಗ ತಾಳಿಕೊಳ್ಳುವ ಬೇರೆ ತಳಿಗಳನ್ನು ಆಶ್ರಯಿಸಬೇಕಾಯಿತು. ಒಂದು ತಳಿ ಸೋತಾಗ ಇನ್ನೊಂದು ಕೈಹಿಡಿಯಬೇಕಾದರೆ ಅದು ಮೊದಲೇ ಉಳಿದಿರಬೇಕು.

ಉಳಿಸಿದ ಬೀಜದ ಮೇಲೆ ರೈತನಿಗೆ ಹಕ್ಕಿದೆಯೇ ಎಂಬುದು ಮುಂದಿನ ಪ್ರಶ್ನೆ. 2019ರಲ್ಲಿ ಪೆಪ್ಸಿಕೋ ಕಂಪೆನಿಯು ತಾನು ನೋಂದಾಯಿಸಿದ ಆಲೂಗೆಡ್ಡೆ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿತು. ಸಾರ್ವಜನಿಕ ವಿರೋಧದ ಬಳಿಕ ಹಿಂತೆಗೆಯಿತು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001ರ 39ನೆಯ ಕಲಮು ಈ ವಿಚಾರದಲ್ಲಿ ರೈತನ ಆಸರೆ. ಬೀಜವನ್ನು ಉಳಿಸಲು, ಬಿತ್ತಲು, ವಿನಿಮಯ ಮಾಡಲು, ಹಂಚಲು, ಮಾರಲು ಅದು ರೈತನಿಗೆ ಅಧಿಕಾರ ನೀಡುತ್ತದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡಿನ ಹೆಸರು ಹಚ್ಚಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ.

ಇದೇ ಕಾಯಿದೆಯಡಿ ರೈತರ ತಳಿಯನ್ನೂ ನೋಂದಾಯಿಸಬಹುದು. ರೈತನೊಬ್ಬನಾಗಲಿ, ರೈತರ ಗುಂಪಾಗಲಿ ಅರ್ಜಿ ಸಲ್ಲಿಸಬಹುದು. ಅವರಿಗೆ ಶುಲ್ಕದ ವಿನಾಯಿತಿಯಿದೆ. ತಳಿಯೊಂದರ ವಿಕಾಸದಲ್ಲಿ ಊರಿನವರ ಪಾಲಿದ್ದರೆ, ಅವರ ಪರವಾಗಿ ಹಕ್ಕು ಮಂಡಿಸಲು 41ನೆಯ ಕಲಮು ದಾರಿ ತೋರಿಸುತ್ತದೆ.

ಆದರೆ ಹಕ್ಕು ಮಂಡಿಸಲು ತಳಿಯ ಗುರುತು ಬಲ್ಲವರು ಬೇಕು. ಗದ್ದೆಗಳು ಅಡಿಕೆ ತೋಟಗಳಾಗುತ್ತಿರುವ ಈ ನಾಡಿನಲ್ಲಿ ಭತ್ತದ ಹೆಸರುಗಳು ಹಿರಿಯರ ನಾಲಗೆಯಲ್ಲಷ್ಟೇ ಉಳಿದಿವೆ. ಕನ್ನಡ ಶಾಲೆಯ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಆ ಹೆಸರುಗಳನ್ನೂ, ಅವುಗಳ ಬಣ್ಣ, ಬಾಳಿಕೆ, ಬಿತ್ತುವ ಕಾಲಗಳನ್ನೂ ಬರೆದಿಟ್ಟರೆ ಅದು ಬರಿಯ ಮನೆಗೆಲಸವಾಗಿ ಮುಗಿಯದು. ನಾಳೆ ಊರಿನ ಪರವಾಗಿ ನುಡಿಯುವ ದಾಖಲೆಯೂ ಆದೀತು.