ಶಾಲಾ ಪರಿಚಯ ವರದಿಯಲ್ಲಿ ಕಾಣದ ಮೂರನೆಯ ಭಾಷೆ

ನಮ್ಮ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕೆ ಹೋದಾಗ ಮೊದಲ ವಾರದಲ್ಲಿ ಬರೆಯುವ ಶಾಲಾ ಪರಿಚಯ ವರದಿಯಲ್ಲಿ ಬಹಳಷ್ಟು ವಿವರ ಇರುತ್ತದೆ. ಕೊಠಡಿ ಎಷ್ಟು, ಶೌಚಾಲಯ ಎಷ್ಟು, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಬಿಸಿಯೂಟದ ಅಡುಗೆಮನೆ ಹೇಗಿದೆ, ಎಸ್‌ಡಿಎಂಸಿ ಸಭೆ ನಡೆಯುತ್ತದೆಯೇ, ತರಗತಿವಾರು ದಾಖಲಾತಿ, ಹಾಜರಾತಿ, ಕೊನೆಗೆ ಎಫ್‌ಎ ಮತ್ತು ಎಸ್‌ಎ ಶ್ರೇಣಿಗಳು. ‘ಬೋಧನಾ ಮಾಧ್ಯಮ’ ಎಂಬ ಸಾಲಿನ ಮುಂದೆ ಈಗೀಗ ‘ದ್ವಿಭಾಷೆ: ಕನ್ನಡ ಮತ್ತು ಇಂಗ್ಲಿಷ್’ ಎಂದು ಬರೆದಿರುತ್ತದೆ. ಮಕ್ಕಳು ಮನೆಯಲ್ಲಿ ಯಾವ ಮಾತಾಡುತ್ತಾರೆ ಎಂಬುದಕ್ಕೆ ವರದಿಯಲ್ಲಿ ಜಾಗವೇ ಇಲ್ಲ. ಬೇರೆ ಜಿಲ್ಲೆಗಳಲ್ಲಿ ಇದು ನಡೆದೀತು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಈ ಒಂದು ಸಾಲು ಇಲ್ಲದಿದ್ದರೆ ಉಳಿದ ಅಂಕಿಗಳನ್ನೆಲ್ಲ ತಪ್ಪಾಗಿ ಓದುತ್ತೇವೆ ಎಂಬುದು ನನ್ನ ವಾದ.

ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಒಂದನೇ ತರಗತಿಯಿಂದ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. 2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಆರಂಭವಾದವು. 2024-25ರ ಬಜೆಟ್ಟಿನಲ್ಲಿ ಎರಡು ಸಾವಿರ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಮಾಧ್ಯಮಕ್ಕೆ ತರುವುದಾಗಿ ಘೋಷಿಸಲಾಯಿತು. ಪಾಲಕರ ಒತ್ತಾಯ ಇದರ ಹಿಂದಿದೆ. ಜೀನ್ಸ್ ಹೊಲಿಯುವ ಘಟಕದಲ್ಲಿ ದಿನಕ್ಕಿಷ್ಟು ಪೀಸ್ ಎಂದು ದುಡಿಯುವ ತಾಯಿ ಮಗಳನ್ನು ಕಾನ್ವೆಂಟಿಗೆ ಕಳಿಸಲು ಸಾಲ ಮಾಡುವ ಬದಲು ಪಕ್ಕದ ಸರ್ಕಾರಿ ಶಾಲೆಗೆ ಕಳಿಸುವಂತಾದರೆ ಅದು ಒಳ್ಳೆಯದೇ. ಈ ವ್ಯವಸ್ಥೆ ಬೇಕೇ ಬೇಡವೇ ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ಶಾಲೆಗಳು ನಡೆಯುತ್ತಿವೆ, ನಮ್ಮ ವಿದ್ಯಾರ್ಥಿಗಳು ಅಲ್ಲಿ ಪಾಠ ಮಾಡುತ್ತಿದ್ದಾರೆ.

ತೊಡಕಿರುವುದು ‘ದ್ವಿಭಾಷೆ’ ಎಂಬ ಪದದಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ದ್ವಿಭಾಷಾ ವಿಧಾನದ ಬಗ್ಗೆ ಹೇಳುತ್ತದೆ. ಅಲ್ಲಿ ಅದರ ಅರ್ಥ, ಮನೆಮಾತು ಬೋಧನಾ ಮಾಧ್ಯಮಕ್ಕಿಂತ ಬೇರೆಯಾಗಿರುವ ಮಗುವಿಗೆ ಎರಡನ್ನೂ ಬಳಸಿ ಕಲಿಸುವುದು. ನಾವು ಹೇಳುತ್ತಿರುವ ದ್ವಿಭಾಷೆ ಎಂದರೆ ಕನ್ನಡ ಮತ್ತು ಇಂಗ್ಲಿಷ್. ಕನ್ನಡ ಮನೆಮಾತಿನ ಮಗುವಿಗೆ ಎರಡೂ ಅರ್ಥ ಕೂಡಿಬರುತ್ತವೆ. ತೆಲುಗು ಅಥವಾ ಉರ್ದು ಮಾತಾಡುವ ಮನೆಯಿಂದ ಬಂದ ಮಗುವಿಗೆ ಈ ಎರಡರಲ್ಲಿ ಒಂದೂ ತನ್ನದಲ್ಲ. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲೇ ಕನ್ನಡ ಮಾತೃಭಾಷೆಯವರು ಸುಮಾರು ಶೇ 66, ಉರ್ದು ಸುಮಾರು ಶೇ 11, ತೆಲುಗು ಸುಮಾರು ಶೇ 6. ಗಡಿ ಜಿಲ್ಲೆಯ ತರಗತಿಯಲ್ಲಿ ಈ ಲೆಕ್ಕ ಹೇಗಿರುತ್ತದೆಂದು ತಿಳಿಯಲು ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತರೆ ಸಾಕು.

ದ್ವಿಭಾಷಾ ಸಾರ್ವಜನಿಕ ಶಾಲೆ ಎಂದಾಗ ಶಿಕ್ಷಣ ಶಾಸ್ತ್ರದ ಪುಸ್ತಕಗಳು ಅಮೆರಿಕದ ಮಯಾಮಿ ನಗರದ ಕೋರಲ್ ವೇ ಶಾಲೆಯನ್ನು ಉದಾಹರಿಸುತ್ತವೆ. 1963ರಲ್ಲಿ ಅಲ್ಲಿ ಕ್ಯೂಬಾದಿಂದ ಬಂದ ಸ್ಪ್ಯಾನಿಷ್ ಮಾತಿನ ಮಕ್ಕಳನ್ನೂ ಇಂಗ್ಲಿಷ್ ಮಾತಿನ ಮಕ್ಕಳನ್ನೂ ಸೇರಿಸಿ, ಪ್ರತಿ ಮಗುವಿಗೂ ದಿನದ ಒಂದು ಭಾಗ ತನ್ನ ಮಾತಿನಲ್ಲಿ, ಇನ್ನೊಂದು ಭಾಗ ಇನ್ನೊಂದು ಮಾತಿನಲ್ಲಿ ಕಲಿಸಿದರು. ಅಷ್ಟು ದೂರ ಹೋಗುವುದೂ ಬೇಡ. ಆಂಧ್ರಪ್ರದೇಶ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳುವಾಗ ಪಠ್ಯಪುಸ್ತಕದ ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷ್ ಎಂದು ಅಚ್ಚು ಹಾಕಿತು. 1953ರವರೆಗೆ ಆದೋನಿಯೂ ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿತ್ತು. ಸಿರುಗುಪ್ಪದವರಿಗೆ ಇಂದಿಗೂ ಅಲ್ಲಿ ನೆಂಟರಿದ್ದಾರೆ. ಅಲ್ಲಿರುವ ಮಗುವಿಗೆ ಪುಸ್ತಕದ ಒಂದು ಬದಿ ಮನೆಯ ಮಾತು. ಅದೇ ಬಳಗದ, ಇಲ್ಲಿರುವ ಮಗುವಿಗೆ ಎರಡೂ ಬದಿ ಹೊರಗಿನದು.

ಇದು ಪಾಠದಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ನಾನು ವೀಕ್ಷಿಸಿದ ನಾಲ್ಕನೇ ತರಗತಿಯ ಭಿನ್ನರಾಶಿ ಪಾಠವನ್ನೇ ಹೇಳುತ್ತೇನೆ. ಪ್ರಶಿಕ್ಷಣಾರ್ಥಿ ಚೆನ್ನಾಗಿ ತಯಾರಾಗಿ ಬಂದಿದ್ದಳು. ಕಾಗದದ ರೊಟ್ಟಿ ಮಾಡಿ ತಂದಿದ್ದಳು. “ಇದನ್ನು ನಾಲ್ಕು ಸಮ ಪಾಲು ಮಾಡಿದರೆ?” ಎಂದು ಕೇಳಿದಳು. ಹಿಂದಿನ ಸಾಲಿನ ಇಬ್ಬರು ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ತೆಲುಗಿನಲ್ಲಿ ಪಾಲು ಎಂದರೆ ಹಾಲು. ಹಂಚಿಕೆ ಎಂಬ ಅರ್ಥವೂ ತೆಲುಗಿನಲ್ಲಿ ಇದೆ, ಆದರೆ ಒಂಬತ್ತು ವರ್ಷದ ಹುಡುಗನಿಗೆ ಮೊದಲು ಹೊಳೆಯುವುದು ಬೆಳಗಿನ ಲೋಟವೇ. ರೊಟ್ಟಿಗೂ ಹಾಲಿಗೂ ಏನು ಸಂಬಂಧ ಎಂದು ಅವರು ನಕ್ಕರು. ಆಕೆ ಅದನ್ನು ಅಶಿಸ್ತು ಎಂದು ತಿಳಿದು ಇಬ್ಬರನ್ನೂ ನಿಲ್ಲಿಸಿದಳು. ಆಮೇಲೆ ‘ಕಾಲು ಭಾಗ’ ಬಂತು, ಜೊತೆಗೆ ಪುಸ್ತಕದ ಇನ್ನೊಂದು ಬದಿಯ ‘ಕ್ವಾರ್ಟರ್’. ಕ್ವಾರ್ಟರ್ ಎಂದಾಗ ಇಡೀ ತರಗತಿಯೇ ಗೊಳ್ಳೆಂದಿತು. ಆ ಪದ ಮಕ್ಕಳಿಗೆ ಎಲ್ಲಿಂದ ಪರಿಚಯ ಎಂದು ನಾನು ವಿವರಿಸಬೇಕಿಲ್ಲ. ಗಣಿತದ ದೃಷ್ಟಿಯಿಂದ ನೋಡಿದರೆ ಅದೂ ಒಂದು ಬಾಟಲಿಯ ಹೆಚ್ಚುಕಡಿಮೆ ನಾಲ್ಕನೆಯ ಒಂದು ಭಾಗವೇ, ಆದರೆ ಪಾಠಯೋಜನೆಯಲ್ಲಿ ಹಾಗೆ ಬರೆಯಲಾದೀತೇ!

ಆ ತರಗತಿಯ ಮಕ್ಕಳೆಲ್ಲರಿಗೂ ಗೊತ್ತಿದ್ದ ಒಂದು ಪದ ಇತ್ತು: ಪಾವು. ತೆಲುಗಿನಲ್ಲಿ ಪಾವು, ಉರ್ದುವಿನಲ್ಲಿ ಪಾವ್, ನಮ್ಮ ಸಂತೆಯ ಕನ್ನಡದಲ್ಲೂ ‘ಪಾವ್ ಕಿಲೋ ಟೊಮೇಟೊ’. ಪಾವು ಕಿಲೋ ಎಂದರೆ 250 ಗ್ರಾಂ, ನಾಲ್ಕು ಪಾವು ಸೇರಿದರೆ ಒಂದು ಕಿಲೋ ಎಂಬುದು ಅಂಗಡಿಗೆ ಹೋಗಿ ಬರುವ ಮಕ್ಕಳಿಗೆ ಬಾಯಿಪಾಠ. ಮಾರ್ಗದರ್ಶಕ ಶಿಕ್ಷಕರು ಕೊನೆಯ ಹತ್ತು ನಿಮಿಷ ತಾವೇ ಪಾಠ ಕೈಗೆತ್ತಿಕೊಂಡು ತಕ್ಕಡಿಯ ಮಾತಿನಿಂದ ಶುರು ಮಾಡಿದರು. ಪಾವು, ಕಾಲು, ಕ್ವಾರ್ಟರ್ ಮೂರನ್ನೂ ಹಲಗೆಯ ಮೇಲೆ ಬರೆದು, ಎದುರಿಗೆ ನಾಲ್ಕನೆಯ ಒಂದು ಎಂದು ಅಂಕಿಯಲ್ಲಿ ಬರೆದರು. ನಿಂತಿದ್ದ ಹುಡುಗರಲ್ಲಿ ಒಬ್ಬ ‘ಮುಪ್ಪಾವು’ ಎಂದರೆ ನಾಲ್ಕನೆಯ ಮೂರು ಎಂದು ತಾನೇ ಹೇಳಿದ. ಅದು ಯಾವ ಪುಟದಲ್ಲೂ ಇಲ್ಲದ ಪದ.

ಈಗ ಫಲಿತಾಂಶದ ಪ್ರಶ್ನೆಗೆ ಬರೋಣ. ಆ ಹುಡುಗ ಬರವಣಿಗೆಯ ಪರೀಕ್ಷೆಯಲ್ಲಿ ‘ಸಮ ಪಾಲು’ ಎಂಬ ಪ್ರಶ್ನೆಗೆ ಉತ್ತರ ಬಿಟ್ಟರೆ ಅವನಿಗೆ ಗಣಿತದಲ್ಲಿ ಸಿ ಶ್ರೇಣಿ, ಅದರಿಂದ ಪರಿಹಾರ ಬೋಧನೆಯ ಪಟ್ಟಿಯಲ್ಲಿ ಹೆಸರು, ಅದರಿಂದ ನಮ್ಮ ವರದಿಯಲ್ಲಿ ‘ನಿಧಾನ ಕಲಿಕೆಯ ಮಕ್ಕಳು’ ಎಂಬ ಅಂಕಿಯಲ್ಲಿ ಒಂದು ಹೆಚ್ಚು. ಗಣಿತ ಬರಲಿಲ್ಲವೋ, ಮಾತು ತಿಳಿಯಲಿಲ್ಲವೋ ಎಂಬುದನ್ನು ಈ ಅಂಕಿ ಹೇಳುವುದೇ ಇಲ್ಲ. ಕೆನಡಾದ ಜಿಮ್ ಕಮಿನ್ಸ್ ತೋರಿಸಿಕೊಟ್ಟಂತೆ ಹೊಸ ಭಾಷೆಯಲ್ಲಿ ಆಟ, ಮಾತುಕತೆ ಎರಡು ವರ್ಷದಲ್ಲಿ ಕೈಗೂಡಬಹುದು. ಪಾಠದ ಭಾಷೆ ಕೈಗೂಡಲು ಐದಾರು ವರ್ಷವಾದರೂ ಬೇಕು. ಮೈದಾನದಲ್ಲಿ ಸಲೀಸಾಗಿ ಕನ್ನಡ ಮಾತಾಡುವ ಮಗುವನ್ನು ನೋಡಿ ‘ಇವನಿಗೆ ಭಾಷೆಯ ತೊಂದರೆ ಇಲ್ಲ’ ಎಂದು ನಮ್ಮವರು ಬರೆಯುವುದು ಇದೇ ಕಾರಣಕ್ಕೆ ಅಪಾಯ.

ಮೂರು ಊರುಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆಯುವುದೂ ಸರಿಯಲ್ಲ. ಬಳ್ಳಾರಿ ನಗರದ ಒಂದೇ ತರಗತಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಸಿಗುತ್ತವೆ. ಸಿರುಗುಪ್ಪ ಕಡೆ, ತುಂಗಭದ್ರೆಯ ಕಾಲುವೆ ಬಂದ ಮೇಲೆ ನೆಲೆನಿಂತ ಕ್ಯಾಂಪುಗಳಲ್ಲಿ, ತೆಲುಗೇ ಮುಂದು. ಕುರುಗೋಡಿನಲ್ಲಿ ಬಹುಪಾಲು ಮಕ್ಕಳದು ಕನ್ನಡವೇ. ಅಲ್ಲಿ ಅಂತರ ಇರುವುದು ಊರಿನ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ನಡುವೆ, ಜೊತೆಗೆ ಮೆಣಸಿನಕಾಯಿ ಬಿಡಿಸುವ ದಿನಗಳ ಗೈರುಹಾಜರಿ. ಮೂರರ ಸರಾಸರಿ ಶ್ರೇಣಿಯನ್ನು ಒಂದೇ ಕೋಷ್ಟಕದಲ್ಲಿ ಇಟ್ಟು ‘ಈ ಶಾಲೆ ಮುಂದೆ, ಆ ಶಾಲೆ ಹಿಂದೆ’ ಎಂದು ಸೆಮಿನಾರಿನಲ್ಲಿ ಮಂಡಿಸುವುದನ್ನು ನಾವು ನಿಲ್ಲಿಸಬೇಕು.

ಗಡಿಯಲ್ಲಿ ತೆಲುಗು, ಉರ್ದು ಪದಗಳಿಗೆ ತರಗತಿಯಲ್ಲಿ ಬಾಗಿಲು ತೆರೆದರೆ ಕನ್ನಡದ ಗತಿಯೇನು ಎಂದು ಕೆಲವು ಹಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ಅವರ ಆತಂಕ ಹಗುರವಾದದ್ದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು ಸುಮ್ಮನೆ ಅಲ್ಲ. ಪೈಲ್ವಾನ್ ರಂಜಾನ್ ಸಾಬ್ ಅದಕ್ಕಾಗಿ ಪ್ರಾಣ ಕೊಟ್ಟರು. ಆದರೆ ನಾನು ಹೇಳುತ್ತಿರುವುದು ಕನ್ನಡದ ಬದಲಿಗೆ ಇನ್ನೊಂದು ಎಂದಲ್ಲ. ಕನ್ನಡದ ಪಾಠವನ್ನು ಮಗು ಅರ್ಥ ಮಾಡಿಕೊಳ್ಳದೆ ಹೋದರೆ ಅದು ಕನ್ನಡದಿಂದ ದೂರವಾಗುತ್ತದೆ, ಇಂಗ್ಲಿಷಿಗೂ ತಲುಪುವುದಿಲ್ಲ. ‘ಪಾವು’ ಎಂದು ಹೇಳಿ ‘ಕಾಲು’ ಎಂಬುದಕ್ಕೆ ಕರೆತಂದರೆ ಲಾಭ ಕನ್ನಡಕ್ಕೇ.

ಮಾಡಬೇಕಾದ್ದು ಬಹಳ ಖರ್ಚಿನದೂ ಅಲ್ಲ. ದಾಖಲಾತಿ ವಹಿಯಲ್ಲಿ ‘ಮಾತೃಭಾಷೆ’ ಎಂಬ ಕಲಂ ಹಿಂದಿನಿಂದಲೂ ಇದೆ. ಹಲವು ಕಡೆ ಕೇಳದೆಯೇ ‘ಕನ್ನಡ’ ಎಂದು ತುಂಬಿರುತ್ತಾರೆ, ಆದ್ದರಿಂದ ಬರೀ ನಕಲು ಮಾಡಿದರೆ ಸಾಲದು, ಮೊದಲ ವಾರದಲ್ಲಿ ಮಕ್ಕಳನ್ನೇ ಕೇಳಬೇಕು, “ಅವ್ವನ ಹತ್ತಿರ ಯಾವ ಮಾತಾಡ್ತೀಯಪ್ಪ?” ಎಂದು. ಆ ಲೆಕ್ಕ ಶಾಲಾ ಪರಿಚಯ ವರದಿಯ ಮೊದಲ ಪುಟದಲ್ಲೇ ಬರಲಿ. ಪಾಠಯೋಜನೆಯಲ್ಲಿ ಕಲಿಕಾ ಫಲದ ಕೆಳಗೆ ಒಂದು ಸಾಲು ಇರಲಿ: ಈ ಪಾಠದ ಮುಖ್ಯ ಪದಗಳಿಗೆ ಮಕ್ಕಳ ಮನೆಮಾತಿನಲ್ಲಿ ಏನನ್ನುತ್ತಾರೆ?

ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೇ ತೆಲುಗು, ಉರ್ದು ಮನೆಗಳಿಂದ ಬಂದವರು ಬೇಕಾದಷ್ಟು ಮಂದಿ ಇದ್ದಾರೆ. ಊಟದ ಬಿಡುವಿನಲ್ಲಿ ಮಕ್ಕಳೊಡನೆ ಆ ಮಾತಿನಲ್ಲೇ ಹರಟುವವರು ವೀಕ್ಷಕರು ತರಗತಿಗೆ ಕಾಲಿಟ್ಟ ಕೂಡಲೇ ಅದನ್ನು ನುಂಗಿಕೊಳ್ಳುತ್ತಾರೆ. ವೀಕ್ಷಣಾ ನಮೂನೆಯಲ್ಲಿ ‘ಭಾಷಾ ಶುದ್ಧತೆ’ಗೆ ಅಂಕ ಇದೆ, ಮನೆಮಾತನ್ನು ಬಳಸಿದ್ದಕ್ಕೆ ಇಲ್ಲ. ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮೊದಲು ಆ ನಮೂನೆಯನ್ನು ತಿದ್ದುವುದು ಬೋಧಕರಾದ ನಮ್ಮ ಕೈಯಲ್ಲೇ ಇದೆ. ಇದಕ್ಕೆ ಬೆಂಗಳೂರಿನ ಆದೇಶ ಬೇಕಿಲ್ಲ.