ಫಿಯೆಟ್ ತಗೋಬೇಕಾ, ಬ್ಯಾಡಾ? ಗಾಡಿ ರೇಟ್ ಅಲ್ಲ, ಮುಗಿಸೋ ರೇಟ್ ಕೇಳ್ರಿ

1/6

ಹೋದ ವಾರ ಸ್ಟೋರಿಗೆ ಹಾಕಿದ್ನಲ್ಲ, ಹರಪನಹಳ್ಳಿಯ ಶೇಂಗಾ ಎಣ್ಣೆ ಮಿಲ್ ಹಿಂದೆ ನಿಂತಿರೋ ಫಿಯೆಟ್, ಅದರ ಪೂರ್ತಿ ಕಥೆ ಇದು. ಪೋಲ್‌ನಲ್ಲಿ 91 ಜನ ‘ತಗೋಳ್ಲೇ’ ಅಂತ ಒತ್ತಿದ್ರಿ, 14 ಜನ ‘ಬ್ಯಾಡ’. ಒತ್ತೋಕೆ ನಿಮಗೇನೂ ಖರ್ಚಿಲ್ಲ. ನನ್ನ ಹತ್ರ ಇರೋದು 82,000 ರೂಪಾಯಿ. ಮೂರು ಮದುವೆ ಸೀಸನ್ ಫೋಟೋಗ್ರಾಫರ್ ಅಣ್ಣನ ಹಿಂದೆ ಲೈಟ್ ಹಿಡಿದು, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ ಕಲ್ಯಾಣ ಮಂಟಪಗಳಲ್ಲಿ ರಾತ್ರಿಯೆಲ್ಲಾ ನಿಂತು ಕೂಡಿಟ್ಟ ದುಡ್ಡು. ಗಾಡಿಗೆ ಕೇಳ್ತಿರೋದು 70,000.

ಗಾಡಿ 1984ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್. 1974ರಲ್ಲೇ ಪದ್ಮಿನಿ ಅಂತ ಹೆಸರು ಬಂದ್ರೂ ನಮ್ಮ ಕಡೆ ಇವತ್ತಿಗೂ ಅದು ಫಿಯೆಟ್ಟೇ. ಅವ್ವ ಫೋಟೋ ನೋಡಿದವಳೇ, “ನನ್ನ ಮದುವಿಗೆ ಇಂಥಾದ್ರಾಗೇ ಕರ್ಕೊಂಡು ಬಂದಿದ್ರು” ಅಂದಳು. ಅಲ್ಲಿಗೆ ನಾನು ಅರ್ಧ ಕೊಂಡಂಗೇ ಆಗಿತ್ತು.

ಆದ್ರೆ ತಗೊಂಡಿಲ್ಲ. ಯಾಕೆ ಅಂತ ಆರು ಪೋಸ್ಟ್‌ನಲ್ಲಿ ಹೇಳ್ತೀನಿ. ನಿಮ್ಮಲ್ಲಿ ಯಾರಾದ್ರೂ ಹಳೇ ಅಂಬಾಸಿಡರ್, ಜೀಪು, ಫಿಯೆಟ್ ಮೇಲೆ ಕಣ್ಣಿಟ್ಟಿದ್ರೆ ಅಡ್ವಾನ್ಸ್ ಕೊಡೋ ಮುಂಚೆ ಓದಿ.

2/6

ಮೊದಲು ಕಾಗದ. ಗಾಡಿ ಬಾಗಿಲು ತೆಗೆಯೋ ಮುಂಚೆ ಆರ್‌ಸಿ ಪುಸ್ತಕ ತೆಗೆಸಿ ನೋಡಬೇಕು.

ನಾನು ನೋಡಿದೆ. ಆರ್‌ಸಿ ಇನ್ನೂ ಮಿಲ್ ಮಾಲೀಕರ ಹೆಸರಲ್ಲೇ ಇದೆ. ಅವರು ತೀರಿಕೊಂಡು ವರ್ಷಗಳಾಗಿವೆ. ಮಾರ್ತಿರೋದು ಮೊಮ್ಮಗ. ಅವನು ಎಷ್ಟೇ ಒಳ್ಳೆಯವನಾದ್ರೂ ಕಾಗದದ ಪ್ರಕಾರ ಆ ಗಾಡಿ ಅವನದಲ್ಲ. ಮೊದಲು ವಾರಸುದಾರರು ಫಾರ್ಮ್ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸ್ಕೋಬೇಕು, ಆಮೇಲೆ ಫಾರ್ಮ್ 29, 30ರಲ್ಲಿ ನನ್ನ ಹೆಸರಿಗೆ. ನಡುವೆ ಒಬ್ಬ ಚಿಕ್ಕಪ್ಪ, ಒಬ್ಬಳು ಅತ್ತೆ ‘ನಮ್ಮದೂ ಪಾಲು ಐತಿ’ ಅಂದ್ರೆ ಮುಗೀತು.

ಇನ್ನೊಂದು ತಮಾಷೆ ನೋಡಿ. ಆ ಕಾರು ಮಿಲ್ ಬಿಟ್ಟು ಎಲ್ಲೂ ಹೋಗಿಲ್ಲ, ಆದ್ರೆ ಅದರ ಜಿಲ್ಲೆ ಮೂರು ಸಲ ಬದಲಾಗಿದೆ. ಬಳ್ಳಾರಿ ಜಿಲ್ಲೆಯಲ್ಲಿ ರಸ್ತೆಗಿಳಿದಿದ್ದು, 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ. ನಂಬರ್ ನೋಡಿದ್ರೆ ಕೆಎ ಬರೋ ಮುಂಚಿನ ಮೂರಕ್ಷರದ್ದು. ಇಂಥ ಹಳೇ ದಾಖಲೆ ಕಂಪ್ಯೂಟರ್‌ಗೆ ಏರದೇ ಇರಬಹುದು. ಯಾವ ಆರ್‌ಟಿಒ ಆಫೀಸಿನ ಯಾವ ರಿಜಿಸ್ಟರ್‌ನಲ್ಲಿ ಇದೆ ಅಂತ ಹುಡುಕೋದೇ ಒಂದು ಕೆಲಸ.

‘15 ವರ್ಷ ಆದ್ರೆ ಗಾಡಿ ಗುಜರಿಗೇ’ ಅಂತ ಸುಮಾರು ಜನ ಕಾಮೆಂಟ್ ಹಾಕಿದ್ರಿ. ಅದು ತಪ್ಪು. ಆ ಗಲಾಟೆ ದೆಹಲಿ ಕಡೆಯದು. ನಮ್ಮಲ್ಲಿ ಸ್ವಂತ ಕಾರಿಗೆ 15 ವರ್ಷ ಆದ್ಮೇಲೆ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಆದ್ರೆ 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕ 2025ರಲ್ಲಿ 10,000 ರೂಪಾಯಿ ಆಗಿದೆ. ಹಸಿರು ತೆರಿಗೆ, ತಡವಾದ ದಂಡ ಬೇರೆ.

3/6

‘ವಿಂಟೇಜ್ ನಂಬರ್ ಮಾಡಿಸ್ಕೋ’ ಅಂದವರಿಗೆ: 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸ್ಕೊಳ್ಳೋಕೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಈ ಫಿಯೆಟ್‌ಗೆ ಅದು 2034ಕ್ಕೆ. ಹೊಸ ವಿಂಟೇಜ್ ನೋಂದಣಿಗೆ ಶುಲ್ಕ 20,000. ಅದಾದ್ಮೇಲೂ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದಕ್ಕೆ ಬಿಟ್ಟು ದಿನಾ ಓಡಿಸೋ ಹಾಗಿಲ್ಲ. ಕೊಟ್ಟೂರಿಂದ ಕೂಡ್ಲಿಗಿಗೆ ಕಾಲೇಜಿಗೆ ಅದರಲ್ಲಿ ಹೋಗ್ತೀನಿ ಅನ್ನೋ ಆಸೆ ಇದ್ರೆ ಬಿಡಿ.

ಈಗ ಗಾಡಿ. ಕೊಟ್ಟೂರಿನ ಮಿಸ್ತ್ರಿ ಚಾಚಾನ್ನ ಬೈಕ್ ಹಿಂದೆ ಕೂರಿಸ್ಕೊಂಡು ಹೋಗಿದ್ದೆ. ನಾನು ಬಾನೆಟ್ ಎತ್ತೋಕೆ ಹೋದ್ರೆ ಚಾಚಾ ನೆಲಕ್ಕೆ ಮಲಗಿದ್ರು. “ತಮ್ಮಾ, ಎಂಜಿನ್ ಆಮ್ಯಾಲೆ. ಮೊದ್ಲು ಕೆಳಗ ನೋಡಬೇಕು.”

ಕಾರಣ ಕೇಳಿ. ಜೀಪಿಗೆ ಕೆಳಗೆ ಬೇರೇನೇ ಚಾಸಿ ಇರುತ್ತೆ, ಮೇಲಿನ ಬಾಡಿ ಹಾಳಾದ್ರೆ ಬದಲಾಯಿಸಬಹುದು. ಫಿಯೆಟ್, ಅಂಬಾಸಿಡರ್ ಹಾಗಲ್ಲ. ಅವುಗಳ ಬಾಡಿಯೇ ಚಾಸಿ. ಫ್ಲೋರ್ ಮತ್ತೆ ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದ್ರೆ ಗಾಡಿಯ ಬೆನ್ನುಮೂಳೆಯೇ ಹೋದಂಗೆ. 2017ರಲ್ಲಿ ನಮ್ಮ ಕೊಟ್ಟೂರು ತೇರು ಉರುಳಿದ್ದು ನೆನಪಿದೆಯಲ್ಲ? ಆ ದಿನ ನೋಡಿದವರಿಗೆ ಕೆಳಗೆ ನೋಡಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಚಾಚಾ ಮಾಡಿದ್ದು ಇಷ್ಟು, ನೀವೂ ಮಾಡಬಹುದು. ಬಟ್ಟೆ ಸುತ್ತಿದ ಅಯಸ್ಕಾಂತ ಬಾಡಿ ಮೇಲೆ ಆಡಿಸೋದು. ಅಂಟದೇ ಇರೋ ಕಡೆ ತಗಡಿಲ್ಲ, ಪುಟ್ಟಿ ಇದೆ. ಒಳಗಿನ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತೋದು. ಬಾಗಿಲು ತೆಗೆದು ಹಾಕೋದು, ಎತ್ತಿ ಹಾಕಬೇಕಾದ್ರೆ ಕಂಬ ಸಡಿಲ. ಎಂಜಿನ್ ಆಯಿಲ್ ನೋಡೋದು, ಮಜ್ಜಿಗೆ ಥರ ಇದ್ರೆ ನೀರು ಸೇರಿದೆ. ಕೊನೆಗೆ ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿ ಜೊತೆ ತಾಳೆ ನೋಡೋದು.

4/6

ನಮ್ಮ ಕಡೆ ಗಾಡಿಗಳಿಗೆ ಒಂದು ಅದೃಷ್ಟ ಇದೆ. ಕರಾವಳಿಯ ಉಪ್ಪು ಗಾಳಿ ಇಲ್ಲ, ಮಳೆ ಕಮ್ಮಿ. ಮೇಲಿನ ತಗಡು ಬಿಸಿಲಿಗೆ ಬಣ್ಣ ಕಳ್ಕೊಂಡ್ರೂ ಗಟ್ಟಿ ಉಳಿಯುತ್ತೆ. ಈ ಫಿಯೆಟ್‌ನ ಮೇಲ್ಛಾವಣಿ, ಬಾನೆಟ್, ಡಿಕ್ಕಿ ಎಲ್ಲಾ ಟಣ್ ಅಂತಿದ್ವು. ಆದ್ರೆ 11 ವರ್ಷ ಮಣ್ಣಿನ ನೆಲದ ಮೇಲೆ ನಿಂತಿದೆ. ಗಾಳಿ ಹೋದ ಟೈರ್, ಸುತ್ತ ಶೇಂಗಾ ಹೊಟ್ಟು, ಅದರಲ್ಲಿ ನಿಲ್ಲೋ ನೀರು. ಎಡಗಡೆ ಫ್ಲೋರ್‌ಗೆ ಸ್ಕ್ರೂಡ್ರೈವರ್ ಒತ್ತಿದ್ರೆ ಹಪ್ಪಳದ ಥರ ಒಳಗೆ ಹೋಯ್ತು. ವೈರಿಂಗ್ ಇಲಿಗಳ ಪಾಲು.

ಚಾಚಾ ಎದ್ದು ಕೈ ಒರೆಸ್ಕೊಂಡು ಹೇಳಿದ್ರು: “ಎಂಜಿನ್ ನಾನು ಎಬ್ಬಸ್ತೀನಿ ತಮ್ಮಾ. ಅದರ ಸಾಮಾನು ಬೆಂಗಳೂರು ಜೆ.ಸಿ. ರೋಡ್‌ನಾಗ ಹುಡುಕಿದ್ರ ಸಿಗ್ತಾವ. ಆದ್ರ ಬಾಡಿ ಅನ್ನೋದು ದುಡ್ಡು ತಿನ್ನೋ ಬಾವಿ.”

ಆ ಸಂಜೆ ಚಹಾ ಅಂಗಡಿಯಲ್ಲಿ ಕೂತು ಬರೆದ ಲೆಕ್ಕ ಇದು (ಮೂರನೇ ಫೋಟೋದಲ್ಲಿರೋ ಚೀಟಿ):

ಗಾಡಿ: 70,000
ಲಾರಿ ಬಾಡಿಗೆ: 4,000
ಟಿಂಕರ್ ಕೆಲಸ, ಪೇಂಟ್: 1,20,000
ಎಂಜಿನ್, ಬ್ರೇಕ್: 45,000
ಟೈರ್: 15,000
ವೈರಿಂಗ್, ಬ್ಯಾಟರಿ: 12,000
ಸೀಟು: 18,000

ಒಟ್ಟು 2,84,000. ಕಾಗದದ ಖರ್ಚು ಸೇರಿಸಿಲ್ಲ. ಗಾಜಿನ ರಬ್ಬರ್, ಕ್ರೋಮ್ ಪಟ್ಟಿ, ಲೈಟಿನ ಬಳೆ ಇವುಗಳಿಗೆ ರೇಟೇ ಬರೆದಿಲ್ಲ, ಯಾಕಂದ್ರೆ ಸಿಕ್ಕಾಗ ಹೇಳಿದಷ್ಟು ಕೊಡಬೇಕು. ಇದೇ ಪದ್ಮಿನಿ, ಓಡೋ ಸ್ಥಿತಿಯಲ್ಲಿ, ಕಾಗದ ಸರಿ ಇರೋದು, ದಾವಣಗೆರೆಯಲ್ಲಿ ನಾವು ನೋಡಿದ್ದಕ್ಕೆ ಹೇಳಿದ ಬೆಲೆ 1,80,000.

ಅಂದ್ರೆ ಅಗ್ಗದ ಗಾಡಿಯೇ ಒಂದು ಲಕ್ಷ ದುಬಾರಿ. ನಿಂತ ಗಾಡಿಗೆ 70,000 ಅನ್ನೋದು ಬೆಲೆ ಅಲ್ಲ, ಒಳಗೆ ಹೋಗೋ ಟಿಕೆಟ್ಟು.

5/6

ಈಗ ನನ್ನ ಅಭಿಪ್ರಾಯ. ಬೇಜಾರಾದ್ರೂ ಪರವಾಗಿಲ್ಲ.

ರೀಲ್‌ನಲ್ಲಿ ನಾವು ನೋಡೋದು ‘ಮೊದಲು’ ಮತ್ತೆ ‘ಆಮೇಲೆ’. ನಡುವಿನ ಎರಡು ವರ್ಷ 15 ಸೆಕೆಂಡ್‌ಗೆ ಕತ್ತರಿಸಿ ಹೋಗಿರುತ್ತೆ. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳ ಸಂಗ್ರಹ ನೋಡಿ ನಾವೆಲ್ಲಾ ಬಾಯಿ ಬಿಟ್ಟಿದ್ದೀವಿ. ಅವುಗಳ ತಲೆ ಮೇಲೆ ಸೂರಿದೆ, ಒರೆಸಿ ನೋಡ್ಕೊಳ್ಳೋ ಜನ ಇದಾರೆ. ನಮಗಿರೋದು ಮನೆ ಮುಂದಿನ ಬೇವಿನ ಮರ, ಮುಂದಿನ ಸೀಸನ್‌ವರೆಗೆ ಕೈಯಲ್ಲಿ ದುಡ್ಡಿಲ್ಲ.

‘ಎಲ್ಲಾರೂ ಹಿಂಗೇ ಲೆಕ್ಕ ಹಾಕಿದ್ರೆ ಹಳೇ ಗಾಡಿ ಉಳಿಸೋರು ಯಾರು?’ ಅಂತ ಒಬ್ಬ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಊರ ತುಂಬಾ ಓಡಾಡ್ತಿದ್ದ ಪದ್ಮಿನಿ ಟ್ಯಾಕ್ಸಿಗಳಿಗೆ ಮುಂಬೈಯೇ 2023ರ ಅಕ್ಟೋಬರ್‌ನಲ್ಲಿ ವಿದಾಯ ಹೇಳಿತು. ಇನ್ನು ಉಳಿಯೋದು ನಮ್ಮಂಥವರಿಂದಲೇ ಅನ್ನಿಸುತ್ತೆ. ಆದ್ರೆ ಚಾಚಾ ಶೆಡ್‌ನಲ್ಲಿ ಒಂದು ಜೀಪಿದೆ. ಕೂಡ್ಲಿಗಿ ಕಡೆಯ ಹುಡುಗ ಆಸೆಯಿಂದ ತಂದು ಪೂರ್ತಿ ಬಿಚ್ಚಿಸಿದ. ದುಡ್ಡು ಮುಗೀತು, ಬೆಂಗಳೂರಿಗೆ ಕೆಲಸಕ್ಕೆ ಹೋದ. ನಾಲ್ಕು ವರ್ಷದಿಂದ ಎಂಜಿನ್ ಗೋಣಿಚೀಲದಲ್ಲಿದೆ, ಬೋಲ್ಟುಗಳು ಡಾಲ್ಡಾ ಡಬ್ಬಿಯಲ್ಲಿ. ಬಿಚ್ಚೋ ಮುಂಚೆ ಅದು ಹಳೇ ಜೀಪು. ಈಗ ಕೆ.ಜಿ. ಲೆಕ್ಕದ ಕಬ್ಬಿಣ.

ಅರ್ಧ ಬಿಚ್ಚಿ ಬಿಟ್ಟಿದ್ದಕ್ಕಿಂತ ಮುಟ್ಟದೇ ನಿಂತ ಗಾಡಿ ಬಾಳುತ್ತೆ. ಮುಗಿಸೋ ತಾಕತ್ತು ಇಲ್ಲದೆ ತರೋದು ಗಾಡಿ ಮೇಲಿನ ಪ್ರೀತಿ ಅಲ್ಲ, ಫೋಟೋ ಮೇಲಿನ ಪ್ರೀತಿ.

ಹಾಗಾದ್ರೆ ಯಾವಾಗ ತಗೋಬೇಕು? ಆರ್‌ಸಿ ಮಾರೋನ ಹೆಸರಲ್ಲೇ ಇರಬೇಕು. ಫ್ಲೋರ್ ಗಟ್ಟಿ ಇರಬೇಕು, ಎಂಜಿನ್ ಜಾಮ್ ಆಗಿದ್ರೂ ಸರಿ. ಗಾಡಿಗೆ ಕೊಟ್ಟ ದುಡ್ಡಿನ ಮೂರರಷ್ಟು ಕೈಯಲ್ಲಿ ಉಳಿಯಬೇಕು, ಸಾಲದ್ದಲ್ಲ. ನಿಲ್ಲಿಸೋಕೆ ಸೂರು ಬೇಕು. ಒಂದು ಕಮ್ಮಿ ಇದ್ರೂ ತಡೀರಿ. ಕೈ ಕಲಿಬೇಕು ಅಂದ್ರೆ ಮೈಸೂರಲ್ಲೇ ಹುಟ್ಟಿದ ಯೆಜ್ಡಿಯಿಂದ ಶುರು ಮಾಡ್ರಿ. ಕಾಗದದ ತಲೆನೋವು ಅದಕ್ಕೂ ಇದೆ, ಆದ್ರೆ ಪಡಸಾಲೆಯಲ್ಲಿ ಹಿಡಿಸುತ್ತೆ.

ಸ್ವಂತ ಅಜ್ಜನ ಗಾಡಿಯಾದ್ರೆ ಮಾತು ಬೇರೆ. ಅಲ್ಲಿ ನಷ್ಟ ಆದ್ರೂ ಮಾಡಿಸಿ. ಅದನ್ನ ಖರ್ಚು ಅಂತ ಒಪ್ಕೊಳ್ಳಿ ಅಷ್ಟೇ, ‘ಇನ್ವೆಸ್ಟ್‌ಮೆಂಟ್’ ಅಂತ ಮನೆಯವರಿಗೆ ಸುಳ್ಳು ಹೇಳಬೇಡಿ.

6/6

ಅವ್ವನಿಗೆ ಲೆಕ್ಕದ ಚೀಟಿ ತೋರಿಸಿದೆ. ಅವಳು ಓದಿ, “ದುಡ್ಡು ನಿಂದು, ನಾ ಏನೂ ಅನ್ನಂಗಿಲ್ಲ. ಆದ್ರ ಮನಿ ಮುಂದ ಗುಜರಿ ನಿಲ್ಲಿಸಬ್ಯಾಡ” ಅಂದಳು. ಆಮೇಲೆ ಫೋನ್ ಇಸ್ಕೊಂಡು ಆ ಫೋಟೋನ ಮತ್ತೊಂದು ಸಲ ದೊಡ್ಡದು ಮಾಡಿ ನೋಡಿದಳು.

ಮರುದಿನ ಮಿಲ್‌ಗೆ ಹೋಗಿ ಮೊಮ್ಮಗನಿಗೆ ನೇರ ಹೇಳಿದೆ: “ಅಣ್ಣಾ, ಮೊದ್ಲು ಗಾಡಿ ನಿಮ್ಮ ಹೆಸರಿಗೆ ಮಾಡಿಸ್ಕೊಳ್ರಿ. ಆಮ್ಯಾಲೆ 25,000 ಕೊಡ್ತೀನಿ. ಅದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ.” ಅವನು ನಕ್ಕ. “ಗುಜರಿಯವನೇ ಅಷ್ಟು ಕೊಡ್ತಾನ ತಗೋ” ಅಂದ. ಕೊಡಬಹುದು. ಬೈಕ್ ಹತ್ತೋವಾಗ ಹೊಟ್ಟೆಯಲ್ಲಿ ಏನೋ ಹಿಂಡಿದಂಗಾಯ್ತು, ಸುಳ್ಳು ಹೇಳಲ್ಲ.

ಹತ್ತು ದಿನ ಆದ್ಮೇಲೆ ಫೋನ್ ಬಂತು. ಹೊಸಪೇಟೆಗೆ ಹೋಗಿ ವಿಚಾರಿಸ್ಕೊಂಡು ಬಂದಿದಾನಂತೆ, ಅತ್ತೆಯ ಸಹಿ ಒಂದು ಬಾಕಿ. ಆಗುತ್ತೋ ಇಲ್ವೋ ಗೊತ್ತಿಲ್ಲ. ಆಗೋವರೆಗೆ ದುಡ್ಡು ನನ್ನ ಹತ್ರ, ಗಾಡಿ ಅವನ ಹತ್ರ.

ಕೊನೇ ಫೋಟೋ ಮೊನ್ನೆಯದು. ನಾಲ್ಕು ಬಿದಿರು ನೆಟ್ಟು, ಗಾಳಿ ಆಡೋ ಹಾಗೆ ಎತ್ತರಕ್ಕೆ ತಾಡಪಾಲು ಕಟ್ಟಿ ಬಂದ್ವಿ. ಹೊಟ್ಟು ಬಳಿದು, ಚಕ್ರದ ಕೆಳಗೆ ಇಟ್ಟಿಗೆ ಕೊಟ್ವಿ. ಖರ್ಚು 1,150 ರೂಪಾಯಿ. ಈವರೆಗೆ ಆ ಫಿಯೆಟ್‌ಗೆ ನಾನು ಹಾಕಿದ್ದು ಅಷ್ಟೇ. ಈ ಮಳೆಗಾಲಕ್ಕೆ ಅದಕ್ಕೆ ಬೇಕಾಗಿದ್ದೂ ಅಷ್ಟೇ.

ನಿಮ್ಮ ಊರಲ್ಲಿ ಯಾರದೋ ಹಿತ್ತಲಲ್ಲಿ ಇಂಥ ಗಾಡಿ ನಿಂತಿದ್ರೆ ಕಾಮೆಂಟ್‌ನಲ್ಲಿ ಊರು, ಗಾಡಿ ಹೆಸರು ಮಾತ್ರ ಹಾಕಿ. ಮನೆಯವರ ಹೆಸರು, ನಂಬರ್ ಬೇಡ. ಮತ್ತೆ ಆ 14 ಜನ ‘ಬ್ಯಾಡ’ ಅಂದವರೇ, ಕಾಲೇಜ್ ಕ್ಯಾಂಟೀನ್‌ಗೆ ಬನ್ನಿ, ಮಿರ್ಚಿ-ಮಂಡಕ್ಕಿ ನನ್ನ ಲೆಕ್ಕ.

#ಫಿಯೆಟ್ #ಪದ್ಮಿನಿ #ಕೊಟ್ಟೂರು #ಹರಪನಹಳ್ಳಿ #ಹಳೇಗಾಡಿ